ಹೊಗೆ ಕಾಣದ ಗೊನೆ

ದೇವರಸನಹಳ್ಳಿ, ನಂಜನಗೂಡು ತಾಲೂಕು
೧೨ ಜೂನ್ ೨೦೨೪

ಸುನೀತಾ,

ನಿನ್ನ ಕೈಗೆ ಲಕ್ವ ಹೊಡೆದಿದೆಯೇನೇ? ಇಲ್ಲ, ಆ ಪುಣೆಯಲ್ಲಿ ಪೆನ್ನು ಮಾರುವವರೆಲ್ಲ ಅಂಗಡಿ ಮುಚ್ಚಿಕೊಂಡು ಹೋದರೋ? ಈ ಕಾಗದ ಒಡೆದು ಓದುತ್ತಿದ್ದೀಯಲ್ಲ, ಮೊದಲು ನೆಟ್ಟಗೆ ಕೂತುಕೋ. ಮಂಚದ ಮೇಲೆ ಉರುಳಿಕೊಂಡು ಓದುವುದಕ್ಕೆ ನಾನೇನು ಸಿನಿಮಾ ಕಥೆ ಬರೆದಿಲ್ಲ. ಯುಗಾದಿಗೆ ಬರೆದೆ, ಉತ್ತರವಿಲ್ಲ. ಬಸವ ಜಯಂತಿಗೆ ಬರೆದೆ, ಅದಕ್ಕೂ ಇಲ್ಲ. ಫೋನು ಕಿವಿಗಿಟ್ಟರೆ ನನಗೆ ಜೇನು ಎದ್ದ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಅಂತ ನಿನಗೆ ಗೊತ್ತು. ಗೊತ್ತಿದ್ದೂ ನಿಮ್ಮಪ್ಪನ ಫೋನಿಗೆ ಮಾತಾಡಿ ಕೈ ತೊಳೆದುಕೊಳ್ಳುತ್ತೀಯಲ್ಲ, ನಾಚಿಕೆಯಾಗಬೇಕು.

ಅವನೋ, ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಪಿಸಪಿಸ ಮಾತಾಡಿ ಬರುತ್ತಾನೆ. "ಏನ್ಲಾ ಅಂದ್ಳು ನಿನ್ ಮಗ್ಳು?" ಅಂದರೆ "ಸೆಂದಾಗವಳೆ ಕನವ್ವ" ಅನ್ನುತ್ತಾನೆ. ಚೆಂದಾಗಿರುವ ಮಗಳ ಜೊತೆ ಮಾತಾಡಿ ಬಂದವನ ಮುಖ ಹಾಗೆ ಹುಳಿ ಮಜ್ಜಿಗೆ ಕುಡಿದ ಹಾಗೆ ಇರುತ್ತದೆಯೇ? ನಿಮ್ಮಮ್ಮ ನಾಗರತ್ನಳನ್ನು ಕೇಳಿದರೆ ಅವಳು ಅವನ ಮುಖ ನೋಡುತ್ತಾಳೆ.

ಶಿವರಾತ್ರಿ ಹೊತ್ತಿಗೆ ನೀನು ಕೇಳಿದೆ ಅಂತ ರಸಬಾಳೆ ಗೊನೆ ಕಳಿಸಿದೆ. ನಿನ್ನ ಕಂಪ್ಯೂಟರ್ ಕೆಲಸಕ್ಕೆ ಬೇಕು ಅಂದೆ. ಕಂಪ್ಯೂಟರು ಬಾಳೆಹಣ್ಣು ತಿನ್ನುವುದನ್ನು ನಾನು ಕಂಡಿಲ್ಲ, ಆದರೂ ಕಳಿಸಿದೆ. ಸೊರಗು ರೋಗ ತಿಂದು ಉಳಿದ ಗಿಡಗಳಲ್ಲಿ ಅದೇ ಒಳ್ಳೆಯ ಗೊನೆ. ತಲುಪಿತೋ, ದಾರಿಯಲ್ಲಿ ಯಾರಾದರೂ ತಿಂದು ಸಿಪ್ಪೆ ಬಿಸಾಕಿದರೋ, ಒಂದು ಮಾತು ಬೇಡವೇ?

ಒಂದು ಕಾಲಕ್ಕೆ ಈ ಊರಿನಲ್ಲಿ ರಸಬಾಳೆ ಹಣ್ಣಾದರೆ ಯಾರ ಮನೆಯದು ಅಂತ ಬೀದಿಯಲ್ಲಿ ನಡೆಯುವವರು ಮೂಗಿನಲ್ಲೇ ಹೇಳುತ್ತಿದ್ದರು. ನಿಮ್ಮ ತಾತ ಗಾಡಿ ಹೂಡಿಕೊಂಡು ನಂಜನಗೂಡು ಸ್ಟೇಷನ್ನಿಗೆ ಹೋದರೆ ರೈಲಿನ ಜನ ಕಿಟಕಿಯಿಂದ ಕೈ ಚಾಚುತ್ತಿದ್ದರಂತೆ. ಆಮೇಲೆ ರೋಗ ಬಂತು. ಒಳಗಿನಿಂದ ಕೆಂಪಾಗಿ, ಎಲೆ ಜೋತುಬಿದ್ದು, ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ. ಈಗ ಹಿತ್ತಲಲ್ಲಿ ನಾನು ಮಕ್ಕಳ ಹಾಗೆ ಕಾಯುವ ನಾಲ್ಕಾರು ಬುಡ ಬಿಟ್ಟರೆ ಏನೂ ಇಲ್ಲ. ಗೊನೆ ಹಣ್ಣಿಗೆ ಹಾಕಿದಾಗ ನೀನು ಅಡುಗೆ ಮನೆಯ ಮಣ್ಣಿನ ವಾಡೆಯ ಬಾಯಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದೆ. ಮುಚ್ಚಳಕ್ಕೆ ಮೆತ್ತಿದ ಸಗಣಿ ಮೂಗಿನ ತುದಿಗೆ ಅಂಟಿಕೊಂಡಿರುತ್ತಿತ್ತು. ಹಾಗೇ ಸ್ಕೂಲಿಗೂ ಹೋಗಿದ್ದೀಯೆ.

ಆ ಮೂಗು ಈಗ ದೊಡ್ಡದಾಗಿದೆ ಅಂತ ಕಾಣುತ್ತದೆ. ಬರೆ.

ನಿನ್ನ ಅಜ್ಜಿ,
ಸಣ್ಣತಾಯಮ್ಮ


ಪುಣೆ
೭ ಜುಲೈ ೨೦೨೪

ಅಜ್ಜಿ,

ನೆಟ್ಟಗೆ ಕೂತೇ ಓದಿದೆ. ಬೈಗುಳ ಓದಿ ಎಷ್ಟೋ ದಿನದ ಮೇಲೆ ನಗು ಬಂತು. ಆಮೇಲೆ ಅಳುವೂ ಬಂತು. ಅಪ್ಪನಿಗೆ ನಾನೇ ಹೇಳಬೇಡ ಅಂದಿದ್ದೆ, ಅವರನ್ನು ಬೈಯಬೇಡ.

ನಾನು ಏನು ಮಾಡುತ್ತೇನೆ ಅಂತ ನಿನಗೆ ಎಂದೂ ಸರಿಯಾಗಿ ಹೇಳಿಲ್ಲ. ಈಗ ಹೇಳುತ್ತೇನೆ. ಕಾಯಿ ಕಿತ್ತ ಮೇಲೂ ಉಸಿರಾಡುತ್ತದೆ ಅಜ್ಜಿ. ಗಾಳಿಯಲ್ಲಿರುವ ಆಮ್ಲಜನಕ ಎಳೆದುಕೊಳ್ಳುತ್ತದೆ, ಬೇರೆ ಅನಿಲ ಬಿಡುತ್ತದೆ. ಬಿಡುವುದರಲ್ಲಿ ಎಥಿಲೀನ್ ಅಂತ ಒಂದಿದೆ. ಹಣ್ಣಾಗು ಅಂತ ಕಾಯಿಗೆ ಹೇಳುವುದು ಅದೇ. ಒಂದು ಹಣ್ಣಾದರೆ ಪಕ್ಕದ್ದೂ ಹಣ್ಣಾಗುವುದು ಅದರಿಂದಲೇ. ನೀನು ವಾಡೆಯಲ್ಲಿ ಹಾಕುವ ಹೊಗೆಯಲ್ಲೂ ಅದೇ ಇರುವುದು. ನಮ್ಮ ರಸಬಾಳೆ ಸಿಪ್ಪೆ ತೆಳು, ಹಣ್ಣಾದ ಮೇಲೆ ಎರಡು ದಿನ ತಡೆಯುವುದಿಲ್ಲ, ಅದಕ್ಕೇ ದೂರದ ಊರಿನವರು ಅದರ ರುಚಿ ಕಂಡಿಲ್ಲ. ಕಾಯನ್ನು ಒಂದು ತೆಳುವಾದ ಹಾಳೆಯಲ್ಲಿ ಸುತ್ತಿ, ಎಥಿಲೀನ್ ಬೇಗ ಹೊರಗೆ ಹೋಗುವ ಹಾಗೆ, ಆಮ್ಲಜನಕ ನಿಧಾನವಾಗಿ ಒಳಗೆ ಬರುವ ಹಾಗೆ ಮಾಡಿದರೆ, ಅದು ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಆ ಹಾಳೆ ಹೇಗಿರಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ನನ್ನ ಕೆಲಸ.

ಹಾಳೆ ಎಂದರೆ ಜರಡಿ ಅಲ್ಲ, ಅದರಲ್ಲಿ ತೂತಿಲ್ಲ. ನರಸೀಪುರದ ಬಸ್ಸನ್ನು ನೆನೆಸಿಕೋ. ಸಂತೆ ದಿನ ಕಾಲಿಡಲು ಜಾಗವಿರುವುದಿಲ್ಲ. ಆದರೂ ಕಂಡಕ್ಟರು ಹಿಂದಿನಿಂದ ಮುಂದಕ್ಕೆ ಬರುತ್ತಾನಲ್ಲ, ಹೇಗೆ? ಬಸ್ಸು ಕುಲುಕುತ್ತದೆ, ಜನ ಒಂಚೂರು ವಾಲುತ್ತಾರೆ, ಸಂದು ಬೀಳುತ್ತದೆ, ಅವನು ಅಲ್ಲಿಗೆ ನುಗ್ಗುತ್ತಾನೆ. ಇನ್ನೊಂದು ಸಂದು ಬೀಳುವತನಕ ಅಲ್ಲೇ ನಿಲ್ಲುತ್ತಾನೆ. ಹಾಳೆಯ ಒಳಗಿನ ಎಳೆಗಳೂ ಹಾಗೇ ಯಾವಾಗಲೂ ನಡುಗುತ್ತಿರುತ್ತವೆ. ಅನಿಲದ ಕಣ ಸಂದಿನಿಂದ ಸಂದಿಗೆ ಹಾರಿಕೊಂಡು ದಾಟುತ್ತದೆ. ಒಂದೊಂದು ಕಣವೂ ಒಂದೊಂದು ಕ್ಷಣದಲ್ಲಿ ಎಲ್ಲಿರುತ್ತದೆ, ಯಾರು ಯಾರನ್ನು ತಳ್ಳುತ್ತಾರೆ ಅಂತ ಕಂಪ್ಯೂಟರು ಲೆಕ್ಕ ಮಾಡುತ್ತದೆ. ರೆಪ್ಪೆ ಬಡಿಯುವ ಹೊತ್ತಿನಲ್ಲಿ ಕೋಟಿಗೆ ಒಂದೆರಡು ಪಾಲನ್ನು ನೋಡುವುದಕ್ಕೆ ಅದಕ್ಕೆ ವಾರ ಬೇಕು.

ನನ್ನ ಲೆಕ್ಕದ ಪ್ರಕಾರ ನಮ್ಮ ಕಾಯಿ ಆ ಹಾಳೆಯೊಳಗೆ ಮೂರು ವಾರ ಹಸಿರಾಗಿರಬೇಕಿತ್ತು. ಪಕ್ಕದ ಪ್ರಯೋಗಾಲಯದವರು ನಿನ್ನ ಗೊನೆಯ ಕಾಯಿ ಸುತ್ತಿಟ್ಟರು. ಒಂದು ವಾರದೊಳಗೆ ಹಣ್ಣಾಗಿ, ಕಪ್ಪಾಗಿ, ನೀರು ಬಿಟ್ಟಿತು. ನಮ್ಮ ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಕಂಪ್ಯೂಟರು ಸುಳ್ಳು ಹೇಳಬಹುದು, ಹಣ್ಣು ಹೇಳುವುದಿಲ್ಲ." ಅಂದಿನಿಂದ ಎಲ್ಲವನ್ನೂ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದೇನೆ. ತಪ್ಪು ಸಿಗುತ್ತಿಲ್ಲ. ನವೆಂಬರ್ ಕೊನೆಗೆ ಸಮಿತಿ ಕೂರುತ್ತದೆ. ಅಷ್ಟರೊಳಗೆ ಲೆಕ್ಕಕ್ಕೂ ಹಣ್ಣಿಗೂ ತಾಳೆಯಾಗದಿದ್ದರೆ ನನ್ನ ಪಿಎಚ್‌ಡಿ ಇಲ್ಲಿಗೆ ನಿಂತ ಹಾಗೆ. ಅಪ್ಪ ಅಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಇದೆ, ಬಂದುಬಿಡು ಅನ್ನುತ್ತಾರೆ. ಬಂದುಬಿಡಲೇ ಅಜ್ಜಿ?

ನಿನ್ನ ಸುನಿ


ದೇವರಸನಹಳ್ಳಿ
೩ ಆಗಸ್ಟ್ ೨೦೨೪

ಲೇ ಸುನಿ,

ರೆಪ್ಪೆ ಬಡಿಯುವುದರೊಳಗಿನದನ್ನು ವಾರಗಟ್ಟಲೆ ಕೂತು ನೋಡುತ್ತೀಯಾ? ನಿಮ್ಮ ತಾತ ಮನೆ ಮುಂದಿನ ಕಲ್ಲಿನ ಮೇಲೆ ಕೂತು ದಿನವೆಲ್ಲ ಬೀದಿ ನೋಡುತ್ತಿದ್ದರು, ಅವರೇ ಸೋಮಾರಿ ಅಂದುಕೊಂಡಿದ್ದೆ. ಬಸ್ಸಿನ ಮಾತು ಮಾತ್ರ ತಿಳಿಯಿತು. ಎರಡು ಸಲ ಓದಿ ನಾಗರತ್ನಳಿಗೂ ಹೇಳಿದೆ. ಅವಳು, "ಅಂಗಾರೆ ಟಿಕೇಟ್ ತಗಳ್ದೆ ಇಳ್ದೋಗೋ ಕಣಾನೂ ಇರ್ತವಾ ಅತ್ತೆ?" ಅಂದಳು. ನಿನ್ನ ತಾಯಿ ಅಲ್ಲವೇ, ಬುದ್ಧಿ ಇದೆ, ಒಲೆ ಮುಂದೆ ಸುಮ್ಮನೆ ಸುಟ್ಟುಹೋಯಿತು.

ಸೋಸಲೆಯಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ಅಂಥ ಬಸ್ಸಿನಲ್ಲೇ. ಟ್ರಂಕು ಮೇಲೆ, ನಾನು ಕೆಳಗೆ. ನಮ್ಮಪ್ಪ ನರಸೀಪುರದ ಸ್ಟ್ಯಾಂಡಿನಲ್ಲಿ ನಿಂತು ಕಾವೇರಿ ಕಡೆ ಮುಖ ತಿರುಗಿಸಿಕೊಂಡಿದ್ದ. ಬಸ್ಸಿನ ತುಂಬ ಜನ, ಎಲ್ಲರಿಗೂ ನನ್ನ ಅಳು ಕಾಣುತ್ತದಲ್ಲ ಅಂತ ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಈ ಊರು ಹತ್ತಿರ ಬರುವಾಗ ಗಾಳಿಯಲ್ಲಿ ಒಂದು ವಾಸನೆ ಬಂತು ನೋಡು, ಅಳು ತಾನಾಗಿ ನಿಂತಿತು. ಏನು ಅಂತ ಪಕ್ಕದವಳನ್ನು ಕೇಳಿದೆ. "ನಮ್ಮೂರ್ ರಸ್‌ಬಾಳೆ ಕನವ್ವ, ಇನ್ಮೇಲೆ ನಿನ್ನೂರ್ದೇ" ಅಂದಳು. ಅಂಥ ಹಣ್ಣು. ಅದರ ಮೇಲೆ ನಿಮ್ಮ ಮೇಷ್ಟ್ರು ತೀರ್ಪು ಕೊಡುತ್ತಾನಾ?

ಒಂದು ವಾರಕ್ಕೆ ಕಪ್ಪಾಯಿತಂತೆ. ಆಗದೆ ಏನು? ನಾನು ಕಳಿಸುವುದು ಎಂದಾದರೂ ಸೋತು ಹೋಗಿದೆಯೇ? ಮನೆಮಗಳಿಗೆ ಹಸಿ ಕಾಯಿ ಕಳಿಸುವ ವಾಡಿಕೆ ನಮ್ಮಲ್ಲಿಲ್ಲ. ನೀನು ಕಾಯೇ ಬೇಕು ಅಂದೆ ಅಂತ ಪೂರ್ತಿ ಹಣ್ಣು ಮಾಡಲಿಲ್ಲ. ವಾಡೆಗೆ ಹಾಕಿ, ತೆಂಗಿನ ಸಿಪ್ಪೆಯ ಹೊಗೆ ಊದಿ, ಒಂದು ದಿನ ಬಾಯಿ ಮುಚ್ಚಿಟ್ಟೆ. ಒಂದು ಹೊಗೆ ಕಂಡರೆ ಅದು ಹಣ್ಣಿನ ಲೆಕ್ಕ. ತೆಗೆದಾಗ ಇನ್ನೂ ಗಿಣಿ ಹಸಿರು. ಒದ್ದೆ ಬಟ್ಟೆಯಲ್ಲಿ ಮಗು ಮೈ ಒರೆಸಿದ ಹಾಗೆ ಒರೆಸಿ, ಎಲೆ ಸುತ್ತಿ ಕಳಿಸಿದೆ. ಅಷ್ಟು ಜೋಪಾನ ಮಾಡಿದ ಗೊನೆಗೆ ಕೆಟ್ಟ ಹೆಸರು ತರುತ್ತೀರಾ?

ನೀನು ಬಂದುಬಿಡಲೇ ಅಂತ ನನ್ನನ್ನು ಕೇಳಬೇಡ. ಬಾ ಅನ್ನುವುದಕ್ಕೆ ನನ್ನ ನಾಲಿಗೆ ತುದಿಗಾಲಲ್ಲಿ ನಿಂತಿದೆ. ಅದಕ್ಕೇ ಅದರ ಮಾತು ಕೇಳಬಾರದು.

ಸಣ್ಣತಾಯಮ್ಮ


ಪುಣೆ
೧೪ ಆಗಸ್ಟ್ ೨೦೨೪

ಅಜ್ಜಿ!

ಹೊಗೆ ಹಾಕಿದ್ದೆಯಾ?

ನಿನ್ನ ಕಾಗದ ಹಿಡಿದುಕೊಂಡು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊರಗೆ ಗಿಣಿ ಹಸಿರು, ಒಳಗೆ ಅದು ಆಗಲೇ ಹಣ್ಣಾಗಲು ಹೊರಟಿತ್ತು. ಒಮ್ಮೆ ಹೊರಟ ಮೇಲೆ ಯಾವ ಹಾಳೆಯೂ ಅದನ್ನು ತಡೆಯುವುದಿಲ್ಲ. ಇಷ್ಟು ತಿಂಗಳು ನನ್ನ ತಲೆ ಕೆಟ್ಟಿದೆ ಅಂದುಕೊಂಡೆ. ಊಟ ಬಿಟ್ಟೆ. ನಿನಗೆ ಕಾಗದ ಬರೆಯುವುದು ಬಿಟ್ಟೆ. ಎಲ್ಲ ಒಂದು ದಿನದ ಹೊಗೆಗೆ! ಸಿಟ್ಟು ಬಂತು ಅಜ್ಜಿ, ನಿಜ ಹೇಳುತ್ತೇನೆ, ಎಂದೂ ಬಾರದಷ್ಟು ಬಂತು.

ಮೇಷ್ಟ್ರಿಗೆ ಹೇಳಿದೆ. ಇನ್ನೊಂದೇ ಸಲ ನೋಡೋಣ ಅಂದರು. ಅಕ್ಟೋಬರ್ ಮುಗಿಯುವುದರೊಳಗೆ ಪ್ರಯೋಗ ಶುರುವಾಗಬೇಕು. ಮಾರುಕಟ್ಟೆಯ ಕಾಯಿ ಆಗುವುದಿಲ್ಲ, ಬೇರೆ ತಳಿಯೂ ಆಗುವುದಿಲ್ಲ, ಹಾಳೆಯನ್ನು ಲೆಕ್ಕ ಹಾಕಿರುವುದೇ ರಸಬಾಳೆಗೆ. ಬಾವಿ ಪಕ್ಕದ ಬುಡದಲ್ಲಿ ಇನ್ನೊಂದು ಗೊನೆ ಬಲಿಯುತ್ತಿದೆ ಅಂತ ಅಮ್ಮ ಹೇಳಿದಳು. ಅದನ್ನು ಕೊಡು. ಹೊಗೆ ಬೇಡ, ವಾಡೆ ಬೇಡ, ಒರೆಸುವುದೂ ಬೇಡ. ಕಡಿದ ಹಾಗೇ ಹಸಿ ಕಾಯಿ ಕಳಿಸು.

ಸುನಿ


ದೇವರಸನಹಳ್ಳಿ
೧೦ ಸೆಪ್ಟೆಂಬರ್ ೨೦೨೪

ಸುನೀತಾ,

ಗೌರಿ ಹಬ್ಬ ಮುಗಿಯಿತು. ನಿನ್ನ ಹೆಸರಿನಲ್ಲೂ ಒಂದು ಬಾಗಿನ ಎತ್ತಿಟ್ಟಿದ್ದೇನೆ.

ನೀನು ಕೇಳಿದ್ದು ಮಾತ್ರ ನನ್ನ ಕೈಲಿ ಆಗುವುದಿಲ್ಲ. ಹಣ್ಣು ಕೇಳು, ಇಡೀ ಗೊನೆ ಕೊಡುತ್ತೇನೆ. ಗಿಡ ಕೇಳು, ಬುಡಸಮೇತ ಕಿತ್ತು ಕೊಡುತ್ತೇನೆ. ಹೊಗೆ ಕಾಣದ ಕಾಯಿ ಈ ಮನೆಯಿಂದ ಮನೆಮಗಳಿಗೆ ಹೋಗುವುದಿಲ್ಲ. ಯಾಕೆ ಅಂತ ಕೇಳಬೇಡ. ನಿಮ್ಮ ಮೇಷ್ಟ್ರಿಗೆ ಹೇಳಿ ಬೇರೆ ದಾರಿ ನೋಡಿಕೋ.

ಸಿಟ್ಟು ಬಂತು ಅಂದೆಯಲ್ಲ. ಬರಲಿ. ಸಿಟ್ಟಾದವರು ಒಂದಲ್ಲ ಒಂದು ದಿನ ಜಗಳಕ್ಕಾದರೂ ಬರುತ್ತಾರೆ.

ಸಣ್ಣತಾಯಮ್ಮ


ಪುಣೆ
೨೪ ಸೆಪ್ಟೆಂಬರ್ ೨೦೨೪

ಅಜ್ಜಿ,

ಸರಿ. ಅಪ್ಪನನ್ನೂ ಕೇಳಿದೆ. "ನಿಮ್ಮಜ್ಜಿ ಕಣ್ ತಪ್ಸಿ ಆ ಗೊನೆಗೆ ಕೈ ಹಚ್ಚಕ್ಕಾಯ್ತದಾ ಮಗ?" ಅಂದರು.

ಜಗಳಕ್ಕೆ ಬರುವಷ್ಟು ಶಕ್ತಿ ಇಲ್ಲ. ಆ ಕಾಲೇಜಿಗೆ ಅರ್ಜಿ ಹಾಕಿ ಅಂತ ಅಪ್ಪನಿಗೆ ಹೇಳಿದ್ದೇನೆ. ನವೆಂಬರಿನಲ್ಲಿ ಸಾಮಾನು ಕಟ್ಟಿಕೊಂಡು ಬರುತ್ತೇನೆ. ನೀನು ಬೇಸರ ಮಾಡಿಕೊಳ್ಳಬೇಡ.

ಸುನಿ


ದೇವರಸನಹಳ್ಳಿ
೧೪ ಅಕ್ಟೋಬರ್ ೨೦೨೪

ಸುನಿ,

ಈ ಕಾಗದ ಸೇರುವ ಮೊದಲೇ ಗೊನೆ ಸೇರಿರುತ್ತದೆ. ಹಸಿ ಕಾಯಿ. ಹೊಗೆ ಕಂಡಿಲ್ಲ, ನೀರು ಕಂಡಿಲ್ಲ, ಒರೆಸಿಯೂ ಇಲ್ಲ. ಜೇಡನ ಬಲೆ ಇದ್ದರೆ ಅದೂ ನಮ್ಮ ಹಿತ್ತಲಿನದೇ, ಅದಕ್ಕೂ ಬೇಕಾದರೆ ಲೆಕ್ಕ ಹಾಕಿಸು.

ನಿನ್ನ ಕಾಗದ ಬಂದ ಮೇಲೆ ನಾನು ಸರಿಯಾಗಿ ಊಟ ಮಾಡಿಲ್ಲ. ನೀನು ಬರುತ್ತೀಯೆ ಅಂದರೆ ಕುಣಿಯಬೇಕಿತ್ತು. ನಾಗರತ್ನ ಆಗಲೇ ನಿನ್ನ ಕೋಣೆಗೆ ಸುಣ್ಣ ಹೊಡೆಸುವ ಮಾತಾಡುತ್ತಿದ್ದಳು. ಆದರೆ ನೀನು ಬೇಸರ ಮಾಡಿಕೊಳ್ಳಬೇಡ ಅಂತ ಬರೆದಿದ್ದೀಯಲ್ಲ, ಅದು ನಿನ್ನ ಮಾತಲ್ಲ ಕಣೇ. ನಿನ್ನ ಬಾಯಿ ನನ್ನ ಬಾಯಿ. ನನಗೆ ತಿರುಗಿ ಬೈಯದ ಮೊಮ್ಮಗಳು ಮನೆಗೆ ಬಂದು ಏನು ಉಪಯೋಗ?

ಆಯುಧಪೂಜೆ ಆದ ಮೇಲೆ ಬೆಟ್ಟಸ್ವಾಮಿಯನ್ನು ಕರೆಸಿದೆ. ನಮ್ಮ ತೋಟದ ಗೊನೆಗಳನ್ನು ಅವನೇ ಅಲ್ಲವೇ ಕಡಿಯುವುದು. ಬಾವಿ ಪಕ್ಕದ್ದನ್ನು ತೋರಿಸಿದೆ. ಅವನು ಗೊನೆ ಹೆಗಲಿಗೆ ಹಾಕಿಕೊಂಡು, ಕೇಳದೆಯೇ ಸೀದಾ ಅಡುಗೆ ಮನೆಗೆ, ವಾಡೆಯ ಕಡೆಗೆ ಹೊರಟ. ನಾಗರತ್ನ ಕೆಂಡದ ಮಡಕೆ, ತೆಂಗಿನ ಸಿಪ್ಪೆ ಎಲ್ಲ ಅಣಿ ಮಾಡಿದ್ದಳು.

"ಎಲ್ಗ್ಲಾ ಒಂಟೆ? ಇಲ್ಲೇ ಜಗ್ಲಿ ಮ್ಯಾಲೆ ಇಳ್ಸು," ಅಂದೆ.

"ಯಾಕವ್ವ, ಒಗೆ ಆಕಾಕಿಲ್ವಾ?"

"ಆಕಾಕಿಲ್ಲ."

ನಾಗರತ್ನ ಮಡಕೆ ಹಿಡಿದುಕೊಂಡು ಹಾಗೇ ನಿಂತಳು. "ಅತ್ತೆ, ಯಾರ್ಗೆ ಇದು?"

"ನಿನ್ ಮಗ್ಳಿಗೆ."

ಅಷ್ಟರಲ್ಲಿ ನಿಮ್ಮಪ್ಪ ಡೈರಿಗೆ ಹಾಲು ಹಾಕಿ ಬಂದ. ಕ್ಯಾನು ಕೆಳಗಿಟ್ಟವನು ಗೊನೆ ನೋಡಿದ, ನನ್ನನ್ನು ನೋಡಿದ. "ಅವ್ವ, ಕಾಯಿ ಕಳಿಸ್ತಿದ್ದೀಯಾ? ನೀನು? ಬ್ಯಾಡ ಕನವ್ವ. ಎಂಗಿದ್ರೂ ಮಗ ಬತ್ತಾ ಅವಳೆ, ಬರೋಳ್ನ ಯಾಕ್ ತಡೀತೀಯೆ?"

"ಬಾಯ್ ಮುಚ್ಕಂಡು ಗೋಣಿಚೀಲ ತತ್ತಾರ್ಲಾ," ಅಂದೆ. ಬಾಯಲ್ಲಿ ಅಂದೆ. ಕೈ ಮಾತ್ರ ಗೊನೆ ಮೇಲಿಂದ ಬರಲಿಲ್ಲ.

ಈಗ ಯಾಕೆ ಅಂತ ಹೇಳುತ್ತೇನೆ, ಕೇಳು. ನಿಮ್ಮ ತಾತನಿಗೆ ಒಬ್ಬಳು ತಂಗಿ ಇದ್ದಳು, ರಾಮಮ್ಮ. ಮುಡುಕುತೊರೆ ಕಡೆ ಕೊಟ್ಟಿದ್ದರು. ನಾನು ಈ ಮನೆಗೆ ಬಂದಾಗ ಅವಳು ಬಾಣಂತನಕ್ಕೆ ಬಂದಿದ್ದಳು. ನನಗೆ ಮೊದಲು ನಗು ಕಲಿಸಿದ್ದೇ ಅವಳು. ಅತ್ತೆ ಬೈದರೆ ಅವರ ಬೆನ್ನ ಹಿಂದೆ ನಿಂತು ಅವರ ಹಾಗೇ ಮೂತಿ ತಿರುಗಿಸುತ್ತಿದ್ದಳು, ನಾನು ಸೆರಗು ಕಚ್ಚಿಕೊಂಡು ನಗು ನುಂಗುತ್ತಿದ್ದೆ. ಅವಳು ಗಂಡನ ಮನೆಗೆ ಹೋದ ಮೇಲೆ ಒಂದು ಗೌರಿ ಹಬ್ಬಕ್ಕೆ ಗೊನೆ ಯಾವುದೂ ಹಣ್ಣಾಗಿರಲಿಲ್ಲ. ನರಸೀಪುರಕ್ಕೆ ಹೋಗುವ ಗಾಡಿ ಬಾಗಿಲಲ್ಲಿ ನಿಂತಿತ್ತು. ಬರೀ ಬಾಗಿನ ಹೇಗೆ ಕಳಿಸುವುದು ಅಂತ ಅತ್ತೆ ಅವಸರದಲ್ಲಿ ಅದರ ಜೊತೆ ಒಂದು ಚಿಪ್ಪು ಹಸಿ ಬಾಳೆಕಾಯಿ ಇಟ್ಟರು. ಅಲ್ಲೇ ಹಣ್ಣಿಗೆ ಹಾಕಿಕೊಳ್ಳುತ್ತಾಳೆ ಅಂತ. ಅಷ್ಟೇ, ಬೇರೆ ಏನೂ ಇರಲಿಲ್ಲ ಅವರ ಮನಸ್ಸಿನಲ್ಲಿ.

ಬಾಳೆಕಾಯಿ ತಿಥಿ ಅಡುಗೆಯದಲ್ಲವೇ. ರಾಮಮ್ಮನ ನಾದಿನಿಯರು ಅದನ್ನು ನೋಡಿ, "ನಿಮ್ ತವುರ್ನೋರು ನಿಂಗೆ ಎಳ್ಳು ನೀರು ಬುಟ್ರು, ಇನ್ ಯಾವ ಮಕ ಇಟ್ಕಂಡ್ ಅಲ್ಗೆ ಓದೀಯೆ?" ಅಂದರಂತೆ. ಅವಳು ಬರಲಿಲ್ಲ. ದೀಪಾವಳಿಗೂ ಇಲ್ಲ, ಆಮೇಲೆ ಹುಟ್ಟಿದ ಮಗನ ನಾಮಕರಣಕ್ಕೆ ಕರೆಯಲೂ ಇಲ್ಲ. ನಿಮ್ಮ ತಾತ ಎರಡು ಸಲ ಹೋಗಿ ಬಾಗಿಲಲ್ಲೇ ಮಜ್ಜಿಗೆ ಕುಡಿದು ವಾಪಸು ಬಂದರು. ಅತ್ತೆ ಪ್ರತಿ ಗೌರಿ ಹಬ್ಬಕ್ಕೂ ನರಸೀಪುರದ ಬಸ್ಸು ಬರುವ ಹೊತ್ತಿಗೆ ಜಗಲಿಯ ಮೇಲೆ ಕೂರುತ್ತಿದ್ದರು. ಬಸ್ಸು ಹೋದ ಮೇಲೆ ಎದ್ದು, ಒಳಗೆ ಬಂದು, ಏನೂ ಆಗದವರ ಹಾಗೆ ನನಗೆ ಬೈಯುತ್ತಿದ್ದರು. ಆ ಬೈಗುಳಕ್ಕೆ ನಾನು ಎಂದೂ ತಿರುಗಿ ಮಾತಾಡಲಿಲ್ಲ. ಅವರು ತೀರಿಕೊಂಡ ದಿನ ರಾಮಮ್ಮ ಬಂದಳು. ಹೊಸಿಲ ಆಚೆ ಕೂತು, ನೀರೂ ಮುಟ್ಟದೆ ಎದ್ದು ಹೋದಳು. ಅಂದಿನಿಂದ ಈ ಮನೆಯ ಹೆಣ್ಣುಮಕ್ಕಳಿಗೆ ಹೊಗೆ ತೋರಿಸದೆ ನಾನು ಏನೂ ಕಳಿಸಿಲ್ಲ.

ನಿನಗೆ ಕಳಿಸಿದ್ದೇನೆ. ನಿಮ್ಮಪ್ಪನ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನಾನೇ ನಂಜನಗೂಡಿನತನಕ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕಾಲು ಜೋಮು ಹಿಡಿಯಿತು. ಪಾರ್ಸೆಲ್ಲಿನವನು, "ಏನಜ್ಜಿ, ಕೂಸ್ ಮಲ್ಗ್‌ಸ್ಕಂಡಂಗೆ ಇಡ್ಕಂಡಿದ್ದೀಯಲ್ಲ, ಕೊಡು ಇತ್ಲಾಗೆ," ಅಂದ. ಕೊಟ್ಟೆ. ಅವನು ಅದರ ಮೇಲೆ ನಿನ್ನ ಹೆಸರು ಬರೆಯುವಾಗ ಕೈ ಹಿಡಿದು ನಿಲ್ಲಿಸೋಣ ಅನ್ನಿಸಿತು. ನಿಲ್ಲಿಸಲಿಲ್ಲ. ವಾಪಸು ಬರುವಾಗ ಬಸ್ಸು ತುಂಬಿತ್ತು. ಕಂಡಕ್ಟರು ಜನರ ಸಂದಿನಲ್ಲಿ ನುಸುಳುವುದನ್ನೇ ನೋಡುತ್ತಾ ಕೂತಿದ್ದೆ. ಒಂದೊಂದು ಸಂದಿಗೂ ಕಾಯುತ್ತಾನೆ, ಪಾಪ. ನಿನ್ನ ಕೆಲಸ ಸುಲಭದ್ದಲ್ಲ ಅಂತ ಆವಾಗ ಅನ್ನಿಸಿತು.

ಕಾಯಿ ಮೂರು ವಾರ ಹಸಿರಾಗಿ ಇರುತ್ತದೋ, ಒಂದು ವಾರಕ್ಕೇ ಕಪ್ಪಾಗುತ್ತದೋ, ನನಗೆ ಗೊತ್ತಿಲ್ಲ. ಅದು ನೀನೂ ನಿಮ್ಮ ಮೇಷ್ಟ್ರೂ ನೋಡಿಕೊಳ್ಳಿ. ಗೆದ್ದರೆ ಅಲ್ಲೇ ಇದ್ದು ಓದು ಮುಗಿಸು. ಸೋತರೆ ಬಾ, ಬಂದು ಮೊದಲು ನನ್ನ ಜೊತೆ ಜಗಳ ಆಡು, ಆಮೇಲೆ ಊಟ ಮಾಡು. ನನಗೆ ಬೇಕಾದ್ದು ಬೇರೆ. ರಾಮಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಅತ್ತೆಗೂ ಬರುತ್ತಿರಲಿಲ್ಲ. ಬಂದಿದ್ದರೆ, "ಅವ್ವ, ಕಾಯಿ ಯಾಕೆ ಕಳಿಸಿದೆ?" ಅಂತ ಅವಳು ಒಂದು ಸಾಲು ಬರೆಯುತ್ತಿದ್ದಳು, "ಗಾಡಿ ಹೊರಟಿತ್ತು ಮಗ" ಅಂತ ಇವರು ಒಂದು ಸಾಲು ಬರೆಯುತ್ತಿದ್ದರು. ಎರಡು ಸಾಲಿಗೆ ಮುಗಿಯುವ ಮಾತು ಎರಡು ಜನ್ಮ ತಿಂದಿತು. ನಾನು ನಾಲ್ಕನೇ ಕ್ಲಾಸಾದರೂ ಓದಿದ್ದೇನೆ, ನೀನು ಓದದೆ ಬಿಟ್ಟದ್ದೇ ಇಲ್ಲ. ನಮಗೆ ಆ ನೆಪ ಇಲ್ಲ.

ನಿನ್ನ ಅಜ್ಜಿ,
ಸಣ್ಣತಾಯಮ್ಮ

ಫೋನಿನಲ್ಲಿ ಅಪ್ಪನಿಗೆ ಹೇಳಿದೆ ಅಂದರೆ ನಡೆಯುವುದಿಲ್ಲ. ಕಾಯಿ ತಲುಪಿತು ಅಂತ ನಿನ್ನ ಕೈಯಾರೆ ಬರೆ, ಮುಂದಿನ ತಿಂಗಳು ಹುಟ್ಟುವುದರೊಳಗೆ ಆ ಕಾಗದ ನನ್ನ ಕೈಯಲ್ಲಿರಬೇಕು.